ಫುವಾಮುಲ ಶಾರ್ಕ್ ಪ್ರವಾಸಕ್ಕೆ ಇನ್ನು 50 ಡೈವ್ ಕಡ್ಡಾಯ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರೇ,

ಮಾಲ್ಡೀವ್ಸಿನ ಫುವಾಮುಲಕ್ಕೆ ನಾವು ನಡೆಸುವ ಶಾರ್ಕ್ ಡೈವಿಂಗ್ ಪ್ರವಾಸದ ನಿಯಮ ಬದಲಾಗಿದೆ. ಬದಲಾದದ್ದೇನು ಎಂದು ಮೊದಲು ಹೇಳಿಬಿಡುತ್ತೇವೆ, ಕಾರಣ ಆಮೇಲೆ.

ಬರುವ ಫೆಬ್ರವರಿಯ ತಂಡದಿಂದ ಡೈವಿಂಗಿನ ಎರಡನೇ ಹಂತವಾದ ಅಡ್ವಾನ್ಸ್ಡ್ ಓಪನ್ ವಾಟರ್ ಸರ್ಟಿಫಿಕೇಟ್ ಇದ್ದು, ಲಾಗ್‌ಬುಕ್ಕಿನಲ್ಲಿ (ಮಾಡಿದ ಡೈವ್‌ಗಳನ್ನು ಬರೆದಿಡುವ ಪುಸ್ತಕ) ಕನಿಷ್ಠ 50 ಡೈವ್ ಇರುವವರನ್ನು ಮಾತ್ರ ಕರೆದೊಯ್ಯುತ್ತೇವೆ. ಕೊನೆಯ ಡೈವ್ ಹೊರಡುವ ದಿನಕ್ಕಿಂತ ಆರು ತಿಂಗಳೊಳಗೆ ಆಗಿರಬೇಕು. ತಂಡದಲ್ಲಿ 12 ಜನರ ಬದಲು 6 ಜನ ಇರುತ್ತಾರೆ. ಇದರಿಂದ ತಲಾ ಖರ್ಚು 22,000 ರೂಪಾಯಿ ಏರುತ್ತದೆ. ಇದುವರೆಗೆ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ ಯಾರು ಬೇಕಾದರೂ ಬರಬಹುದಿತ್ತು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ನಾಲ್ಕು ವಾರಾಂತ್ಯ ಕಳೆದವರನ್ನೂ ನಾವು ಖುಷಿಯಿಂದ ಸೇರಿಸಿಕೊಳ್ಳುತ್ತಿದ್ದೆವು. ಅದು ತಪ್ಪು ಎಂದು ಕಳೆದ ಮಾರ್ಚಿನಲ್ಲಿ ಗೊತ್ತಾಯಿತು.

ಆ ತಂಡದಲ್ಲಿ ಏನಾಯಿತು ಎಂಬುದು ನಿಮ್ಮಲ್ಲಿ ಹಲವರ ಕಿವಿಗೆ ಬಿದ್ದಿದೆ. ವಾಟ್ಸ್‌ಆ್ಯಪಿನಲ್ಲಿ ಸುತ್ತಿದ ಕಥೆಗೆ ಶಾರ್ಕ್ ಕಚ್ಚಿತು ಎಂಬುದೂ ಸೇರಿಕೊಂಡಿದೆ. ಯಾರನ್ನೂ ಕಚ್ಚಿಲ್ಲ. ನಡೆದದ್ದು ಇಷ್ಟು.

ಮೂರನೇ ದಿನ ಬೆಳಗ್ಗೆ, ಬಂದರಿನ ಬಾಯಿಯ ಪಕ್ಕದಲ್ಲೇ ಇರುವ ಹುಲಿ ಶಾರ್ಕ್ ಜಾಗ. ಆಳ 8 ಮೀಟರ್. ಹವಳದ ಚೂರುಗಳ ಮೇಲೆ ಎಲ್ಲರೂ ಮೊಣಕಾಲೂರಿ, ಭುಜಕ್ಕೆ ಭುಜ ತಾಗಿಸಿ ಒಂದೇ ಸಾಲಿನಲ್ಲಿ ಕೂತಿದ್ದರು. ಸ್ಥಳೀಯ ಗೈಡ್‌ಗಳು ಟ್ಯೂನಾ ಮೀನಿನ ತಲೆಗಳನ್ನು ಕಲ್ಲಿನ ಅಡಿಗೆ ಸಿಕ್ಕಿಸಿ ಬದಿಗೆ ನಿಂತಿದ್ದರು. ನಾಲ್ಕು ಹುಲಿ ಶಾರ್ಕ್‌ಗಳು ನಿಧಾನವಾಗಿ ಸುತ್ತು ಹಾಕುತ್ತಿದ್ದವು. ಸಾಲಿನ ಎಡತುದಿಯಲ್ಲಿದ್ದವರು ನಮ್ಮ ಗ್ರಾಹಕರೊಬ್ಬರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಅವರಿಗೆ ಅಲ್ಲಿಯವರೆಗೆ ಆಗಿದ್ದದ್ದು 14 ಡೈವ್. ಮಾಸ್ಕಿನೊಳಗೆ ನೀರು ನುಗ್ಗಿತು. ಗ್ಲೌಸ್ ಹಾಕಿದ ಕೈಯಲ್ಲಿ ಮಾಸ್ಕಿನ ಪಟ್ಟಿ ಸಿಗಲಿಲ್ಲವೆಂದು ಬಲಗೈಯ ಗ್ಲೌಸ್ ಕಳಚಿದರು. ಗಾಬರಿಯಲ್ಲಿ ಉಸಿರು ಜೋರಾಗಿ ಎಳೆದುಕೊಂಡರು. ಎದೆ ತುಂಬ ಗಾಳಿ ತುಂಬಿದ್ದೇ ತಡ, ಮೊಣಕಾಲು ನೆಲ ಬಿಟ್ಟಿತು. ಕೆಳಗಿಳಿಯಲೆಂದು ಎರಡೂ ಕೈ ಬಡಿಯತೊಡಗಿದರು.

ಸಾಲಿಗಿಂತ ಎರಡು ಮೀಟರ್ ಮೇಲೆ, ಒಬ್ಬರೇ, ಬೆನ್ನು ತಿರುಗಿಸಿ, ಒಂದು ಬರಿಗೈ ಬಡಿಯುತ್ತಾ. ನೀರಿನಡಿಯಲ್ಲಿ ಬರಿ ಅಂಗೈ ಹೇಗೆ ಕಾಣುತ್ತದೆ ಎಂದು ವಿಡಿಯೊದಲ್ಲಿ ನೋಡಿದಾಗಲೇ ನಮಗೆ ಅರ್ಥವಾದದ್ದು: ಕೊಯ್ದಿಟ್ಟ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗೆ ಮಿನುಗುತ್ತಿತ್ತು. ಕಲ್ಲಿನ ಕಡೆ ಹೋಗುತ್ತಿದ್ದ, ಸುಮಾರು 4 ಮೀಟರ್ ಉದ್ದದ ಹೆಣ್ಣು ಶಾರ್ಕ್ ಒಂದು ತಿರುಗಿ ಅವರತ್ತ ಬಂತು. ಅವಸರವಿಲ್ಲ, ಕೋಪವಿಲ್ಲ. ಇದೇನು ನೋಡೋಣ ಎಂಬ ಹಾಗೆ ಬಂತು. ಹುಲಿ ಶಾರ್ಕ್ ಏನನ್ನಾದರೂ ಪರೀಕ್ಷಿಸಬೇಕೆಂದರೆ ಬಾಯಿ ಹಾಕಿಯೇ ನೋಡಬಹುದು, ತೊಂದರೆ ಇರುವುದು ಅಲ್ಲಿ. ಗೈಡ್ ನಡುವೆ ಬಂದು ಅದರ ಮೂತಿಯ ಮೇಲೆ ಅಂಗೈ ಇಟ್ಟು, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಬಂದ ಎಮ್ಮೆಯನ್ನು ಆಚೆ ಸರಿಸುವ ಹಾಗೆ, ಪಕ್ಕಕ್ಕೆ ತಿರುಗಿಸಿದರು. ಇನ್ನೊಂದು ಕೈಯಲ್ಲಿ ನಮ್ಮವರ ಸಿಲಿಂಡರಿನ ಕತ್ತು ಹಿಡಿದು ಕೆಳಗೆಳೆದರು. ವಿಡಿಯೊದಲ್ಲಿ ಇಡೀ ಪ್ರಸಂಗ 18 ಸೆಕೆಂಡ್. ನೋಡುತ್ತಿದ್ದ ನಮಗೆ ಜೀವ ಬಾಯಿಗೆ ಬಂದಿತ್ತು.

ದೋಣಿ ಹತ್ತಿದ ಮೇಲೆ ಅವರು ಹೇಳಿದ ಮೊದಲ ಮಾತು "ಸಾರಿ". ಆ ಮಾತು ನಾವು ಹೇಳಬೇಕಾಗಿದ್ದದ್ದು. ಮಾಸ್ಕಿಗೆ ನೀರು ಬರುವುದು ಯಾರಿಗೂ ತಪ್ಪಿದ್ದಲ್ಲ. ಅದು ಬಂದಾಗ ಕೈಕಾಲು ಆಡಿಸದೆ, ಇದ್ದ ಜಾಗದಲ್ಲೇ ಇದ್ದು ಮೂಗಿನಿಂದ ಊದಿ ಹೊರಹಾಕುವುದು ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ. ಅವರಿಗೆ ಆ ಅಭ್ಯಾಸ ಇನ್ನೂ ಆಗಿಲ್ಲ ಎಂದು ಗೊತ್ತಿದ್ದೂ ನಾವು ಸೀಟು ಕೊಟ್ಟೆವು. ಯಾಕೆ ಕೊಟ್ಟೆವು ಎಂದರೆ, ಹನ್ನೆರಡನೆಯ ಸೀಟು ತುಂಬಿದರೆ ನಮ್ಮಲ್ಲೊಬ್ಬರ ಟಿಕೆಟ್ ಮತ್ತು ವಸತಿ ಖರ್ಚು ಹೊರಡುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ ಇರಲಿ.

ನಿಯಮದ ಸುದ್ದಿ ತಿಳಿದ ಕೆಲವರು ಫೋನ್ ಮಾಡಿ ಕೇಳಿದ್ದಾರೆ: "ಬರೀ 8 ಮೀಟರ್ ಆಳಕ್ಕೆ 50 ಡೈವ್ ಯಾಕ್ರೀ? ಓಪನ್ ವಾಟರಿನವರಿಗೆ 18 ಮೀಟರಿನ ತನಕ ಅನುಮತಿ ಇದೆಯಲ್ಲ?" ಪ್ರಶ್ನೆ ಸರಿಯಾಗಿದೆ. ಉತ್ತರ ಮಾತ್ರ ನೀವು ಎಣಿಸಿದ್ದಕ್ಕೆ ತಿರುಗಾಮುರುಗ. ತೇಲುವಿಕೆ ಹಿಡಿತದಲ್ಲಿಡುವುದು ಆಳಕ್ಕಿಂತ ಮೇಲ್ನೀರಿನಲ್ಲೇ ಕಷ್ಟ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಿರುತ್ತದೆ. ಅಂದರೆ ಅಲ್ಲಿಂದ ಮೇಲೆ ಬರುವಷ್ಟರಲ್ಲಿ ತೇಲಲೆಂದು ಗಾಳಿ ತುಂಬಿಕೊಳ್ಳುವ ಜಾಕೆಟಿನೊಳಗಿನ ಗಾಳಿ ಹಿಗ್ಗಿ ಎರಡು ಪಟ್ಟಾಗುತ್ತದೆ. 30 ಮೀಟರಿನಿಂದ 20 ಮೀಟರಿಗೆ ಬಂದರೆ ಹಿಗ್ಗುವುದು ಮೂರನೇ ಒಂದು ಪಾಲು ಮಾತ್ರ. ಆದ್ದರಿಂದ 8 ಮೀಟರಿನಲ್ಲಿ ಒಂದು ಮೀಟರ್ ಮೇಲೆ ಹೋದವನು ತಾನಾಗಿಯೇ ಇನ್ನೊಂದು ಮೀಟರ್ ಹೋಗುತ್ತಾನೆ. ಸಾಲದ್ದಕ್ಕೆ ಸಿಲಿಂಡರಿನ ಗಾಳಿಗೂ ತೂಕವಿದೆ. ನಾವು ಬಳಸುವ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ತುಂಬಿದ ಗಾಳಿಯೇ ಎರಡೂವರೆ ಕಿಲೋ ಆಸುಪಾಸು. ಒಂದು ಗಂಟೆ ಉಸಿರಾಡಿದ ಮೇಲೆ ಅದರಲ್ಲಿ ಬಹುಪಾಲು ಖಾಲಿ, ನೀವು ಅಷ್ಟು ಹಗುರ. ಆರಂಭದಲ್ಲಿ ನೆಲಕ್ಕಂಟಿ ಕೂತವರು ಕೊನೆಯ ಹತ್ತು ನಿಮಿಷ ತೇಲುವುದು ಇದಕ್ಕೇ. ಬಂದರಿನ ಬಾಯಿಯಲ್ಲಿ ಅಲೆಯ ಎಳೆತವೂ ಇರುತ್ತದೆ. ಇದನ್ನೆಲ್ಲ ತಲೆಯಿಂದಲ್ಲ, ಉಸಿರಿನಿಂದ ಸಂಭಾಳಿಸಬೇಕು. 50 ಎಂಬುದು ಶಾಸ್ತ್ರದಲ್ಲಿ ಬರೆದಿಟ್ಟ ಸಂಖ್ಯೆಯೇನಲ್ಲ. 50ರ ಆಸುಪಾಸಿನಲ್ಲಿ ಜನರ ಕೈಗಳು ಸುಮ್ಮನಾಗುವುದನ್ನು ನಾವು ನೋಡುತ್ತಾ ಬಂದಿದ್ದೇವೆ, ಅಷ್ಟೆ.

ಇನ್ನೊಂದು ಪ್ರಶ್ನೆ, ಸ್ವಲ್ಪ ಮುಜುಗರದ್ದು: ಶಾರ್ಕ್‌ಗಳಿಗೆ ಮೀನು ಹಾಕಿ ಕರೆಯುವುದು ಸರಿಯೇ? ಫುವಾಮುಲದ ಬಂದರಿನಲ್ಲಿ ಮೀನುಗಾರರು ಟ್ಯೂನಾ ಕೊಯ್ದು ತಲೆ, ಕರುಳು ನೀರಿಗೆ ಎಸೆಯುತ್ತಿದ್ದರು. ಅದಕ್ಕಾಗಿ ಹುಲಿ ಶಾರ್ಕ್‌ಗಳು ಬಂದರಿನ ಬಾಯಿಗೆ ಬರುವುದು ರೂಢಿಯಾಯಿತು. ಡೈವ್ ಸೆಂಟರಿನವರು ಆ ರೂಢಿಯ ಮೇಲೆ ತಮ್ಮ ವ್ಯಾಪಾರ ಕಟ್ಟಿಕೊಂಡರು. ನಾವೂ ಅದರಲ್ಲಿ ಪಾಲುದಾರರು. ಇನ್ನೊಂದು ಮಗ್ಗುಲೂ ಇದೆ. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ದೇಶದಾದ್ಯಂತ ನಿಷೇಧಿಸಿತು. ಇವತ್ತು ಜೀವಂತ ಶಾರ್ಕ್ ಫುವಾಮುಲದ ಎಷ್ಟೋ ಮನೆಗಳ ಒಲೆ ಉರಿಸುತ್ತಿದೆ. ಪಟ್ಟೆ ಮತ್ತು ಗಾಯದ ಗುರುತು ಹಿಡಿದು ಸಂಶೋಧಕರು ಅಲ್ಲಿ ಇನ್ನೂರಕ್ಕೂ ಹೆಚ್ಚು ಹುಲಿ ಶಾರ್ಕ್‌ಗಳನ್ನು ಬೇರೆಬೇರೆಯಾಗಿ ಪಟ್ಟಿ ಮಾಡಿದ್ದಾರೆ. ಬಹುಪಾಲು ಹೆಣ್ಣು, ಹಲವು ಗಬ್ಬದವು. ಡೈವ್ ಬಳಗ ನಡೆಸುವ ನಮ್ಮ ಮೂವರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಸದ್ಯಕ್ಕೆ ಒಪ್ಪಿಕೊಂಡದ್ದು ಇಷ್ಟು: ಒಂದು ಪ್ರವಾಸದಲ್ಲಿ ಈ ಜಾಗಕ್ಕೆ ನಾಲ್ಕು ಬಾರಿ ಇಳಿಯುತ್ತಿದ್ದೆವು, ಇನ್ನು ಎರಡೇ ಬಾರಿ.

ಉಳಿದ ದಿನಗಳಲ್ಲಿ ಏನು ಎಂದು ಹೋಗದವರು ಕೇಳುತ್ತಾರೆ, ಹೋಗಿಬಂದವರು ಕೇಳುವುದಿಲ್ಲ. ಅಟಾಲ್ ಎಂಬ ಮಾತು ಬಂದದ್ದೇ ಮಾಲ್ಡೀವ್ಸಿನ ದಿವೇಹಿ ಭಾಷೆಯಿಂದ. ಅಟಾಲ್ ಎಂದರೆ ಸಾಮಾನ್ಯವಾಗಿ ಬಳೆಯಂತೆ ಸುತ್ತಿದ ದ್ವೀಪಗಳು, ನಡುವೆ ತಿಳಿನೀರಿನ ಕೊಳ. ಫುವಾಮುಲ ಹಾಗಲ್ಲ. ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ., ಭೂಮಧ್ಯರೇಖೆ ದಾಟಿ ಸ್ವಲ್ಪ ಆಚೆ ಒಂಟಿಯಾಗಿ ಕೂತ, ಒಂದೇ ದ್ವೀಪದ ಅಟಾಲ್. ಸುತ್ತ ಆಸರೆಯ ಕೊಳವಿಲ್ಲ, ದಂಡೆ ಬಿಟ್ಟರೆ ಮಹಾಸಾಗರ. ಹವಳದ ಗೋಡೆ ನೇರ ಕತ್ತಲೆಗೆ ಇಳಿಯುತ್ತದೆ. ಅದಕ್ಕೇ ಬೇರೆಡೆ ಅಪರೂಪಕ್ಕೆ ಕಾಣುವ ತೆರೆದ ಸಾಗರದ ಶಾರ್ಕ್‌ಗಳು ಇಲ್ಲಿ ದಂಡೆಯ ಹತ್ತಿರ ಬರುತ್ತವೆ: ಬೆಳಗಿನ ಹೊತ್ತು ದೇಹದಷ್ಟೇ ಉದ್ದದ ಬಾಲ ಬೀಸಿಕೊಂಡು ಬರುವ ಥ್ರೆಶರ್, ನೀಲಿಯಲ್ಲಿ ನೆರಳಿನಂತೆ ಹಾಯುವ ಹ್ಯಾಮರ್‌ಹೆಡ್ ಹಿಂಡು, ಅದೃಷ್ಟವಿದ್ದರೆ ಓಷಿಯಾನಿಕ್ ವೈಟ್‌ಟಿಪ್. ಇವುಗಳಿಗಾಗಿ ದೇಶದ ಕಾನೂನು ಒಪ್ಪುವ 30 ಮೀಟರಿನ ಅಂಚಿಗೆ ಹೋಗಬೇಕಾಗುತ್ತದೆ, ಅಡ್ವಾನ್ಸ್ಡ್ ಸರ್ಟಿಫಿಕೇಟ್ ಕೇಳಿದ್ದು ಅದಕ್ಕೆ. ನೇತ್ರಾಣಿಯಲ್ಲಿ ಹಗ್ಗ ಹಿಡಿದು ಇಳಿಯುತ್ತೀರಿ, ಹಗ್ಗ ಹಿಡಿದು ಏರುತ್ತೀರಿ. ಇಲ್ಲಿ ಹಗ್ಗವಿಲ್ಲ, ಕಣ್ಣಿಗೆ ನೆಲವಿಲ್ಲ, ಸೆಳೆತ ಮಾತ್ರ ಇದೆ. ಮೇಲೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಂತು, ನಿಂತಲ್ಲೇ ಸರ್ಫೇಸ್ ಮಾರ್ಕರ್ (ನೀವಿರುವ ಜಾಗ ತೋರಿಸಲು ನೀರಿನ ಮೇಲಕ್ಕೆ ಬಿಡುವ ಗಾಳಿಚೀಲ) ಬಿಡಲು ಬರದಿದ್ದರೆ ದೋಣಿಯವರಿಗೆ ನೀವು ಎಲ್ಲಿ ಮೇಲೆ ಬರುತ್ತೀರೆಂದು ತಿಳಿಯುವುದಿಲ್ಲ.

ನೆಲದ ಮೇಲಿನ ದಿನ ಹಾಗೇ ಇದೆ. ವಿಮಾನಕ್ಕೆ ಮುಂಚಿನ ಪೂರ್ತಿ 24 ಗಂಟೆ ಡೈವ್ ಇಲ್ಲ. ಎರಡು ಸಿಹಿನೀರಿನ ಕೆರೆ, ತೂಂಡು ಕಡಲದಂಡೆಯ ಬಿಳಿ ನುಣುಪು ಕಲ್ಲುಗಳು, ಕೆಸುವಿನ ಗದ್ದೆ. ಹೌದು, ಕೆಸು. ಅಷ್ಟು ಚೆಂದದ ಎಲೆ ನೋಡಿ ಉಡುಪಿಯ ಒಬ್ಬ ಅಮ್ಮ ಪತ್ರೊಡೆಯ ವಿಧಾನವನ್ನು ಗೆಸ್ಟ್‌ಹೌಸಿನ ಅಡುಗೆಯವರಿಗೆ ಕೈಸನ್ನೆಯಲ್ಲೇ ವಿವರಿಸಿದ್ದು ನಮ್ಮ ಪ್ರವಾಸಗಳ ಅತ್ಯುತ್ತಮ ನೆನಪುಗಳಲ್ಲೊಂದು. ಅದೇ ಅಮ್ಮ, ಬಾಣಂತಿಯರಿಗೆ ತಾಟೆ ಮೀನಿನ, ಅಂದರೆ ಶಾರ್ಕಿನ, ಸಾರು ಕೊಡುವ ನಮ್ಮೂರಿನ ಪದ್ಧತಿಯನ್ನೂ ಅಲ್ಲಿ ಹೇಳಹೊರಟಿದ್ದರು. ಶಾರ್ಕನ್ನು ನೋಡಲೆಂದೇ ಜನ ಬರುವ ಊರಿನಲ್ಲಿ ಆ ಮಾತು ಬೇಡವೆಂದು ನಾವೇ ತಡೆದೆವು.

ಈಗ ದುಡ್ಡಿನ ವಿಷಯ. ಫೆಬ್ರವರಿಗೆ ಮುಂಗಡ ಕೊಟ್ಟಿರುವ 11 ಜನರಲ್ಲಿ 7 ಜನ ಹೊಸ ನಿಯಮದ ಹೊರಗೆ ಉಳಿಯುತ್ತಾರೆ. ಅವರಿಗೆಲ್ಲ ನಾವೇ ಫೋನ್ ಮಾಡಿ ಮಾತಾಡಿದ್ದೇವೆ. ಇಬ್ಬರಿಗೆ ಬೇಸರವಾಗಿದೆ, ಒಬ್ಬರು ಬೈದಿದ್ದಾರೆ. ಬೈದದ್ದು ನ್ಯಾಯವೇ, ರಜೆ ಹಾಕಿ ಕಾದವರು ಅವರು. ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ. ನಾವು ತೆಗೆಸಿದ ವಿಮಾನದ ಟಿಕೆಟಿನ ರದ್ದತಿ ಶುಲ್ಕ ನಮ್ಮ ಮೇಲಿರಲಿ. ವಾಪಸ್ ಬೇಡ, ಹೋಗಲೇಬೇಕು ಎನ್ನುವವರ ಮುಂಗಡವನ್ನು ಹಾಗೇ ಇಟ್ಟುಕೊಂಡು, ಮುಂದಿನ ವರ್ಷದ ತಂಡದಲ್ಲಿ ಈಗಿನ ಹಳೆಯ ದರಕ್ಕೇ ಸೀಟು ಕೊಡುತ್ತೇವೆ, ನಡುವೆ 50 ಮುಟ್ಟಿದರೆ. ಮುಟ್ಟಲು ಅನುಕೂಲವಾಗಲೆಂದು ಡಿಸೆಂಬರಿನಲ್ಲಿ ನೇತ್ರಾಣಿಯಲ್ಲೂ ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕಿನಲ್ಲೂ ಅಭ್ಯಾಸದ ಡೈವ್ ಇಟ್ಟಿದ್ದೇವೆ. ಅಲ್ಲಿ ಫೋಟೊ ಇಲ್ಲ, ಕ್ಯಾಮೆರಾ ಇಲ್ಲ. ಮಾಸ್ಕ್ ಕಳಚಿ ಹಾಕುವುದು, ಕೈ ಕಟ್ಟಿಕೊಂಡು ಅಲುಗಾಡದೆ ನಿಲ್ಲುವುದು, ಮಾರ್ಕರ್ ಬಿಡುವುದು, ಮತ್ತೆ ಮಾಸ್ಕ್ ಕಳಚುವುದು. ಬೇಜಾರು ಹಿಡಿಸುವಷ್ಟು ಮಾಡಿಸುತ್ತೇವೆ. ಮಾರ್ಚಿನ ಆ ಗ್ರಾಹಕರು ಡಿಸೆಂಬರಿನ ಪಟ್ಟಿಯಲ್ಲಿ ಮೊದಲನೆಯವರಾಗಿ ಹೆಸರು ಬರೆಸಿದ್ದಾರೆ.

ಅರ್ಹತೆ ಇರುವ ನಾಲ್ವರಲ್ಲಿ ಹೆಚ್ಚಿದ ಖರ್ಚು ಹೊರೆ ಎನಿಸಿದವರಿಗೂ ಮುಂಗಡ ವಾಪಸ್ ಇದೆ, ಸಂಕೋಚ ಬೇಡ. 6 ಸೀಟು ತುಂಬದಿದ್ದರೂ ತಂಡ ಹೊರಡುತ್ತದೆ.

ಬರುವವರು ಲಾಗ್‌ಬುಕ್ಕಿನ ಕೊನೆಯ ಹತ್ತು ಪುಟಗಳ ಫೋಟೊವನ್ನು ನವೆಂಬರ್ 15ರೊಳಗೆ ಕಳಿಸಿ. ಲಾಗ್‌ಬುಕ್ ಬರೆಯುವ ಅಭ್ಯಾಸವಿಲ್ಲದವರು ಡೈವ್ ಕಂಪ್ಯೂಟರನ್ನೇ ಕಚೇರಿಗೆ ತಂದು ತೋರಿಸಿದರೂ ಸಾಕು. ಬಾಯಿಲೆಕ್ಕ ನಡೆಯುವುದಿಲ್ಲ, ಹಳೆಯ ಸ್ನೇಹಿತರದ್ದೂ ನಡೆಯುವುದಿಲ್ಲ. ಕಪ್ಪು ಗ್ಲೌಸ್, ಕಪ್ಪು ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಕಡ್ಡಾಯ. ಹೋದ ವರ್ಷ ನಮ್ಮ ಮಾತು ಕೇಳಿ ಹಳದಿ ಫಿನ್ ಕೊಂಡವರು ಕಚೇರಿಗೆ ತನ್ನಿ, ಬದಲಿಸಿ ಕೊಡುತ್ತೇವೆ.

ನಿಮ್ಮ,
ಡೈವ್ ಬಳಗದ ಮೂವರು
ಬೆಂಗಳೂರು