ಉಮಾಬಾಯಿ ಬಡಿಸಿದ್ದು ಬರೀ ಊಟ ಅಲ್ಲ ಮಗಳೇ

ಮಗಳೇ,

ಮೊನ್ನೆ ಫೋನಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರ ಮಾತು ಬಂದಾಗ ನೀನು "ಅಡುಗೆ ಮಾಡಿ ಬಡಿಸಿದ್ದೂ ಸ್ವಾತಂತ್ರ್ಯ ಹೋರಾಟನಾ ಅಮ್ಮ?" ಅಂದೆ. ನನಗೆ ಸಿಟ್ಟು ಬಂತು. ಫೋನಿನಲ್ಲಿ ಬೇಡ, ಬರೆದೇ ಹೇಳೋಣ ಅಂತ ಸುಮ್ಮನಾದೆ.

ಅವರು ಹುಟ್ಟಿದ್ದು 1892ರಲ್ಲಿ. ಮದುವೆ ಆದಾಗ ಇನ್ನೂ ಸಣ್ಣ ಹುಡುಗಿ. ಮಾವ ಆನಂದರಾಯರು ಸೊಸೆಯನ್ನು ಓದಿಸಿದರು. ಗಂಡ ಕ್ಷಯದಿಂದ ತೀರಿಕೊಂಡಾಗ ಉಮಾಬಾಯಿಗೆ ಮೂವತ್ತರ ಆಸುಪಾಸು, ಅಂಥ ಹೆಣ್ಣುಮಕ್ಕಳನ್ನು ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲ ಅದು. ಈ ಮಾವ ಸೊಸೆ ಹುಬ್ಬಳ್ಳಿಗೆ ಬಂದು ಪ್ರೆಸ್ ನಡೆಸಿದರು, ಉಮಾಬಾಯಿ ಹೆಣ್ಣುಮಕ್ಕಳಿಗಾಗಿ ಇದ್ದ ತಿಲಕ್ ಕನ್ಯಾ ಶಾಲೆ ನೋಡಿಕೊಂಡರು. (ಆ ಮಾವನ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ, ಅದೊಂದು ಬೇಜಾರು ನನಗೆ.)

1924ರ ಡಿಸೆಂಬರ್‌ನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿ ಕೂತ ಒಂದೇ ಅಧಿವೇಶನ ಅದು, ಗೊತ್ತಲ್ವಾ? ಸ್ವಯಂಸೇವಕರ ಹೊಣೆ ಸೇವಾದಳ ಕಟ್ಟಿದ ಡಾ. ಹರ್ಡೀಕರ್ ಅವರದು. ಹೆಂಗಸರನ್ನು ಕರೆತರುವ ಕೆಲಸ ಉಮಾಬಾಯಿಯದು. ಅವರು ಊರೂರು ತಿರುಗಿ, ಮನೆಮನೆಗೆ ಹೋಗಿ, ಅತ್ತೆ ಮಾವಂದಿರನ್ನು ಒಪ್ಪಿಸಿ ಸುಮಾರು 150 ಹೆಂಗಸರನ್ನು ಸೇರಿಸಿದರು, ಅದರಲ್ಲಿ ವಿಧವೆಯರೂ ಇದ್ದರು. ಅವರೆಲ್ಲ ಅಲ್ಲಿ ಅಡುಗೆ ಮಾಡಿದರು, ಕಸ ಗುಡಿಸಿದರು, ನಿಜ. ಆದರೆ ಶುಭಕಾರ್ಯಕ್ಕೂ ಎದುರು ಬರಬಾರದು ಅನ್ನಿಸಿಕೊಂಡವಳು ಸಾವಿರಾರು ಜನರ ನಡುವೆ ಓಡಾಡಿ ಬಂದಳಲ್ಲ, ಆಮೇಲೆ ಅವಳನ್ನು ಮತ್ತೆ ಮೂಲೆಗೆ ಕೂರಿಸುವುದು ಸುಲಭ ಇತ್ತಾ?

1932ರಲ್ಲಿ ಬ್ರಿಟಿಷರು ಉಮಾಬಾಯಿಯನ್ನು ಹಿಡಿದು ಪುಣೆಯ ಯರವಡಾ ಜೈಲಿಗೆ ಹಾಕಿದರು, ನಾಲ್ಕು ತಿಂಗಳು. ಒಳಗಿದ್ದಾಗಲೇ ಮಾವ ಹೋಗಿಬಿಟ್ಟರು. ಹೊರಗೆ ಬಂದರೆ ಪ್ರೆಸ್ ಸರ್ಕಾರದ ಪಾಲಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು. ಜೈಲಿಂದ ಬಿಟ್ಟ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಹೋಗಲು ಜಾಗ ಇರಲಿಲ್ಲ, ಅವರಿಗೆಲ್ಲ ಉಮಾಬಾಯಿ ಮನೆಯೇ ಗತಿ.

ಇನ್ನು ನಿನ್ನ ಊಟದ ಮಾತು. 1942ರ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಗೆ ಅವರಿಗೆ ಮೈಯಲ್ಲಿ ಆರೋಗ್ಯ ಇರಲಿಲ್ಲ, ಬೀದಿಗೆ ಇಳಿಯಲು ಆಗಲಿಲ್ಲ. ಆಗ ತಲೆಮರೆಸಿಕೊಂಡು ಓಡಾಡುತ್ತಿದ್ದವರಿಗೆ ಮನೆಯಲ್ಲಿ ಜಾಗ ಕೊಟ್ಟರು, ಅನ್ನ ಹಾಕಿದರು, ಕೈಗೆ ದುಡ್ಡು ಕೊಟ್ಟು ಕಳಿಸಿದರು. ಪೊಲೀಸರು ಹುಡುಕುತ್ತಿದ್ದವನಿಗೆ ತಟ್ಟೆ ಇಡುವುದು ಅಂದರೆ ಮತ್ತೆ ಜೈಲಿಗೆ ಹೋಗಲು ರೆಡಿ ಇರುವುದು ಅಂತಲೇ. ಬಾಗಿಲು ಬಡಿದವನು ನಮ್ಮವನೋ ಗೂಢಚಾರನೋ ಅಂತ ನಿಂತಲ್ಲೇ ತೀರ್ಮಾನ ಮಾಡಬೇಕು. ಭಾಷಣ ಮಾಡುವುದಕ್ಕಿಂತ ಇದೇ ಕಷ್ಟ ಅಂತ ನನಗನ್ನಿಸುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಹೋರಾಟಗಾರರಿಗೆ ಸರ್ಕಾರ ಕೊಡುತ್ತಿದ್ದ ಗೌರವದ ತಾಮ್ರಪತ್ರ, ಪಿಂಚಣಿ ಎರಡೂ ಬೇಡ ಅಂದರು. 1992ರಲ್ಲಿ ತೀರಿಕೊಳ್ಳುವವರೆಗೂ ಹುಬ್ಬಳ್ಳಿಯ ಒಂದು ಪುಟ್ಟ ಮನೆಯಲ್ಲೇ ಇದ್ದರು. ಎಲ್ಲರೂ ಇದನ್ನೇ ಹೊಗಳುತ್ತಾರೆ. ನನಗೆ ಮಾತ್ರ ಅವರು ಪಿಂಚಣಿ ತಗೋಬೇಕಿತ್ತು ಅನ್ನಿಸುತ್ತದೆ, ಹೆಂಗಸರ ದುಡಿಮೆ ಮೊದಲೇ ಯಾರ ಲೆಕ್ಕಕ್ಕೂ ಬರುವುದಿಲ್ಲ. ನೀನು ಒಪ್ಪಲ್ಲ ಅಂತ ಗೊತ್ತು. ಭಾನುವಾರ ಫೋನ್ ಮಾಡು, ಕೂತು ಜಗಳ ಆಡೋಣ.

ನಿನ್ನ ಅಮ್ಮ