ಮೊದಲ ಚಿತ್ರದ ಬೀದಿಯಿಂದ ಅಪ್ಪನಿಗೆ

ಲಿಯೋನ್, ಭಾನುವಾರ

ತೀರ್ಥರೂಪರಾದ ಅಪ್ಪನವರಿಗೆ ಮಂಜುನಾಥನ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಅಮ್ಮನ ಕಾಗದ ತಲುಪಿತು. ಹಿತ್ತಿಲ ಮೆಟ್ಟಿಲು ಕಾಣದೆ ನೀವು ಮುಗ್ಗರಿಸಿದ್ದು, ಬಲಗಣ್ಣಿನ ಪೊರೆ ಬಲಿತಿದೆಯೆಂದು ಡಾಕ್ಟರು ಹೇಳಿದ್ದು, ಅಷ್ಟಾದರೂ "ಸಿನಿಮಾ ಹುಟ್ಟಿದ ಊರಿನಲ್ಲಿ ಎರಡು ವರ್ಷದಿಂದ ಇದ್ದಾನೆ, ಮೊದಲು ಆ ಕಾರ್ಖಾನೆಯನ್ನು ನೋಡಿ ಬರೆಯಲಿ, ಆಮೇಲೆ ಕಣ್ಣಿನ ಮಾತು" ಎಂದು ನೀವು ಹಟ ಹಿಡಿದದ್ದು ಎಲ್ಲವೂ ತಿಳಿಯಿತು. ನಿನ್ನೆ ಹೋಗಿ ನೋಡಿ ಬಂದೆ. ಸುಮಾ ಇದನ್ನು ಒಂದು ಸಾಲೂ ಬಿಡದೆ ಓದಿ ಹೇಳುತ್ತಾಳೆ. ಇನ್ನು ನೀವು ಮಾತಿಗೆ ತಪ್ಪುವ ಹಾಗಿಲ್ಲ.

ಮೊಂಪ್ಲೆಸಿರ್ ಎಂಬ ಬಡಾವಣೆಯಲ್ಲಿ ಒಂದು ಬೀದಿಗೆ 'ಮೊದಲ ಚಿತ್ರದ ಬೀದಿ' ಎಂದೇ ಹೆಸರಿಟ್ಟಿದ್ದಾರೆ. ಲೂಮಿಯೇರ್ ಮನೆತನದವರು ಫೋಟೋ ತೆಗೆಯುವ ಗಾಜಿನ ಫಲಕಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯಲ್ಲಿ ಈಗ ಉಳಿದಿರುವುದು ಒಂದು ಶೆಡ್ಡಿನ ಮರದ ತೊಲೆಗಳಷ್ಟೇ; ಅವುಗಳ ಅಡಿಯಲ್ಲೇ ಒಂದು ಚಿತ್ರಮಂದಿರವನ್ನು ಕಟ್ಟಿದ್ದಾರೆ. 1895ರ ಮಾರ್ಚ್ 19ರಂದು ಆ ಮನೆತನದ ಇಬ್ಬರು ಸಹೋದರರಲ್ಲಿ ತಮ್ಮನಾದ ಲೂಯಿ ಬೀದಿಯ ಆಚೆ ಬದಿಯಲ್ಲಿ ಚಿತ್ರ ತೆಗೆಯುವ ಪೆಟ್ಟಿಗೆಯನ್ನಿಟ್ಟು, ಕೆಲಸ ಬಿಟ್ಟು ಹೊರಬರುತ್ತಿದ್ದ ಕಾರ್ಮಿಕರನ್ನು ಚಿತ್ರಿಸಿದನು. ಉದ್ದ ಲಂಗದ ಹೆಂಗಸರು, ಸೈಕಲ್ಲಿನವರು, ಯಾರೂ ಕರೆಯದೆ ಓಡಾಡುವ ಒಂದು ನಾಯಿ, ಇಷ್ಟರಲ್ಲಿ ಒಂದು ನಿಮಿಷ ತುಂಬುವ ಮೊದಲೇ ಮುಗಿದುಹೋಗುತ್ತದೆ. ಅದೇ ದೃಶ್ಯವನ್ನು ಮೂರು ಬಾರಿ ತೆಗೆದಿದ್ದಾರೆ: ಒಂದರಲ್ಲಿ ಗಾಡಿಗೆ ಎರಡು ಕುದುರೆ, ಇನ್ನೊಂದರಲ್ಲಿ ಒಂದೇ, ಮತ್ತೊಂದರಲ್ಲಿ ಗಾಡಿಯೇ ಇಲ್ಲ. ರೀಟೇಕಿನ ಪಿಡುಗು ಅಲ್ಲಿಂದಲೇ ಶುರುವಾಯಿತೆಂದು ಕಾಣುತ್ತದೆ.

ಸಿನಿಮಾ ಕಂಡುಹಿಡಿದವರು ಯಾರೆಂದರೆ ನೀವು ಯಾವಾಗಲೂ ಎಡಿಸನ್ನನ ಹೆಸರನ್ನು ಹೇಳುತ್ತಿದ್ದಿರಿ. ಅದು ಪೂರ್ತಿ ಸುಳ್ಳಲ್ಲ, ಆದರೆ ಅವನ ಪೆಟ್ಟಿಗೆಯೊಳಗೆ ಒಬ್ಬೊಬ್ಬರೇ ಬಗ್ಗಿ ಇಣುಕಬೇಕಾಗಿತ್ತು. ಹತ್ತಾರು ಜನ ಒಟ್ಟಿಗೆ ಕುಳಿತು ನೋಡುವಂತೆ ಚಿತ್ರವನ್ನು ಪರದೆಯ ಮೇಲೆ ಮೂಡಿಸಿ, 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಒಂದು ಫ್ರಾಂಕಿನ ಟಿಕೆಟ್ಟಿಗೆ ತೋರಿಸಿದವರು ಇವರು. ಆ ದಿನ ದುಡ್ಡು ಕೊಟ್ಟು ಬಂದವರು ಮೂವತ್ತಮೂರೇ ಜನ. ಜಾತ್ರೆಯ ದಿನ ನೀವು ಸಿನಿಮಾ ತೋರಿಸುತ್ತಿದ್ದ ನಮ್ಮ ಟೆಂಟಿನ ನೆಲದಲ್ಲಿ ಅದಕ್ಕಿಂತ ಹೆಚ್ಚು ಮಂದಿ ಪುಕ್ಕಟೆಯಾಗಿ ನುಸುಳುತ್ತಿದ್ದರು. ಇಲ್ಲಿ ಟಿಕೆಟ್ ಕೊಡುವ ಹೆಂಗಸಿಗೆ, ಮರಳಿನ ಮೇಲೆ ಕುಳಿತು ನೋಡುವ ಆ ನೆಲದ ಟಿಕೆಟ್ಟನ್ನು ವಿವರಿಸಿದಾಗ ಆಕೆ ಅಯ್ಯೋ ಪಾಪ ಎನ್ನುವಂತೆ ಮುಖ ಮಾಡಿದಳು. ಬೇಕಾದಾಗ ಕಾಲು ಚಾಚಿ ಮಲಗಿಯೂ ನೋಡಬಹುದಾಗಿತ್ತು, ನಿಮ್ಮ ಕುರ್ಚಿಗಳಲ್ಲಿ ಆ ಸುಖವೆಲ್ಲಿ ಎಂದು ನಾನು ಹೇಳಿ ಬಂದೆ.

ಆ ಯಂತ್ರವನ್ನು ನೀವೇ ನೋಡಬೇಕಾಗಿತ್ತು. ಚಿತ್ರ ತೆಗೆಯುವುದಕ್ಕೂ, ಪ್ರಿಂಟ್ ಹಾಕುವುದಕ್ಕೂ, ತೋರಿಸುವುದಕ್ಕೂ ಒಂದೇ ಮರದ ಪೆಟ್ಟಿಗೆ. ಅಮ್ಮನ ಹೊಲಿಗೆ ಯಂತ್ರದಲ್ಲಿ ಸೂಜಿ ಮೇಲಿರುವಾಗ ಬಟ್ಟೆ ಸರಿದು, ಸೂಜಿ ಇಳಿದಾಗ ನಿಲ್ಲುತ್ತದೆಯಲ್ಲ, ಅದೇ ಉಪಾಯವನ್ನು ಲೂಯಿ ಇಲ್ಲಿಗೆ ತಂದಿದ್ದಾನೆ: ಎರಡು ಹಲ್ಲುಗಳು ಫಿಲ್ಮಿನ ತೂತಿಗೆ ಹೊಕ್ಕು, ಕೆಳಗೆಳೆದು, ಹಿಂದೆ ಸರಿಯುತ್ತವೆ, ಸೆಕೆಂಡಿಗೆ ಹದಿನಾರು ಸಲ, ಅದೂ ಕೈಯಿಂದ ತಿರುಗಿಸುವ ಹಿಡಿಕೆಯಲ್ಲಿ. ದೀಪಕ್ಕೂ ಫಿಲ್ಮಿಗೂ ನಡುವೆ ನೀರು ತುಂಬಿದ ದುಂಡನೆಯ ಗಾಜಿನ ಬುರುಡೆಯಿದೆ. ಅದೇ ಅವರ ಕಂಡೆನ್ಸರ್. ಅದು ಬೆಳಕನ್ನು ಒಂದೆಡೆ ಕೂಡಿಸುತ್ತದೆ, ಒಳಗಿನ ನೀರು ಕಾವನ್ನು ಹೀರಿಕೊಳ್ಳುತ್ತದೆ. ಅಕಸ್ಮಾತ್ ಒಡೆದರೆ ಬೆಳಕು ಚದುರಿಹೋಗಿ ಫಿಲ್ಮು ಹೊತ್ತಿಕೊಳ್ಳುವ ಭಯವೂ ಕಡಿಮೆ.

ಅದರ ಮುಂದೆ ನಿಂತಾಗ ನೀವೇ ಕಣ್ಣ ಮುಂದೆ ಬಂದಿರಿ. ಪ್ರತಿ ಆಟಕ್ಕೆ ಮೊದಲು ಹಳೆಯ ಪಂಚೆಯ ತುಂಡಿನಿಂದ ಕಂಡೆನ್ಸರನ್ನು ಒರೆಸಿ, ಬೆಳಕಿಗೆ ಹಿಡಿದು, ಮತ್ತೊಮ್ಮೆ ಒರೆಸುತ್ತಿದ್ದಿರಿ; ಗಾಜು ಮಬ್ಬಾಗಿದ್ದರೆ ದೀಪದ ಕಾರ್ಬನ್ ಕಡ್ಡಿ ಎಷ್ಟು ಉರಿದರೂ ದಂಡ ಎಂದು ನನ್ನನ್ನು ಬೈದದ್ದು ನೆನಪಿದೆ. ನಿಮ್ಮ ಕಣ್ಣಿಗೂ ಆಗಿರುವುದು ಅಷ್ಟೇ. ಮಬ್ಬಾದ ಗಾಜನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಕೆಳಗಿನ ಮನೆಯವರಿಗೆ ಕಣ್ಣಿನ ಶಿಬಿರದಲ್ಲಿ ಆದ ತೊಂದರೆಯನ್ನು ಹಿಡಿದುಕೊಂಡು ಕೂರಬೇಡಿ. ಇದು ಶಿಬಿರವಲ್ಲ, ಸುಮಾಳ ಗಂಡ ತಾನೇ ವಿಚಾರಿಸಿ ಬಂದ ಆಸ್ಪತ್ರೆ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುತ್ತೀರಿ, ನೋವಿಲ್ಲ, ಖಂಡಿತ ನೋವಿಲ್ಲ. ಸಾಲದ್ದಕ್ಕೆ, ಆ ಸಹೋದರರಲ್ಲಿ ಅಣ್ಣನಾದ ಓಗುಸ್ಟ್ ಸಿನಿಮಾವನ್ನು ಬಿಟ್ಟು ವೈದ್ಯಕೀಯ ಸಂಶೋಧನೆಗೇ ಇಳಿದನು. ಸಿನಿಮಾ ಕಂಡುಹಿಡಿದವನೇ ವೈದ್ಯವನ್ನು ನಂಬಿದ ಮೇಲೆ ಸಿನಿಮಾ ತೋರಿಸಿದ ನಿಮ್ಮದೇನು ತಕರಾರು?

ಇನ್ನೊಂದು ವಿಷಯ. ಇವರ ಚಿತ್ರಗಳು 1896ರ ಜುಲೈ 7ರಂದೇ ಮುಂಬಯಿಯ ವಾಟ್ಸನ್ ಹೋಟೆಲನ್ನು ತಲುಪಿದವು, ಟಿಕೆಟ್ಟು ಒಂದು ರೂಪಾಯಿ. ಮುಂದೆ 1905ರಲ್ಲಿ ತಿರುಚಿಯ ರೈಲ್ವೆ ನೌಕರ ಸ್ವಾಮಿಕಣ್ಣು ವಿನ್ಸೆಂಟ್ ಒಬ್ಬ ಫ್ರೆಂಚನಿಂದ ಯಂತ್ರವನ್ನೂ ಚಿತ್ರಗಳನ್ನೂ ಕೊಂಡು, ಟೆಂಟು ಹಾಕಿಕೊಂಡು ದಕ್ಷಿಣದ ಊರೂರು ತಿರುಗಿದರು. ನಿಮ್ಮ ಕಸುಬಿನ ಹಿರಿಯರು ಅವರೇ. ಮುಂದಿನ ವರ್ಷ ನಿಮ್ಮನ್ನು ಇಲ್ಲಿಗೆ ಕರೆಸಿಕೊಂಡು ಆ ಗಾಜಿನ ಬುರುಡೆಯನ್ನು ತೋರಿಸುವ ಆಸೆಯಿದೆ. ಕಣ್ಣು ಮಬ್ಬಾಗಿಟ್ಟುಕೊಂಡು ಬಂದರೆ ಏನು ನೋಡುತ್ತೀರಿ?

ಹಣದ ಯೋಚನೆ ಬೇಡವೇ ಬೇಡ. 60,000 ರೂಪಾಯಿ ಅಮ್ಮನ ಖಾತೆಗೆ ಹಾಕಿದ್ದೇನೆ, ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ, ಊಟ ತಿಂಡಿ ಚೆನ್ನಾಗಿದೆ, ಚಳಿಯೂ ಅಷ್ಟಿಲ್ಲ. ಬೆಂಗಳೂರಿಗೆ ಹೊರಟಿರುವ ಸ್ನೇಹಿತರು ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾರೆ. ಕಾಗದದ ಜೊತೆ ಒಂದು ಕಪ್ಪು ಕನ್ನಡಕವನ್ನೂ ಕಳಿಸುತ್ತಿದ್ದೇನೆ, ಆಪರೇಷನ್ ಆದ ಮೇಲೆ ಬೇಕಾಗುತ್ತದೆ. ಮಂಗಳವಾರ ಫೋನ್ ಮಾಡುವಷ್ಟರಲ್ಲಿ ತಾರೀಕು ಗೊತ್ತಾಗಿರಲಿ. ಅಮ್ಮನಿಗೆ ನಮಸ್ಕಾರಗಳು, ಸುಮಾಳಿಗೂ ಮಕ್ಕಳಿಗೂ ಆಶೀರ್ವಾದಗಳು.

ಇಂತಿ ನಿಮ್ಮ ಮಗ,
ಮಂಜುನಾಥ