ಶಿವಮೊಗ್ಗ ಆರು ಜಿಲ್ಲೆಯಾದ ಕಥೆ

ಮಾನ್ಯ ಸಂಪಾದಕರೇ,

ಇದು ಯಾರ ಮೇಲಿನ ದೂರೂ ಅಲ್ಲ. ದೂರಲು ಹೊರಟರೆ ಅರ್ಧ ನನ್ನ ಮೇಲೇ ಬರುತ್ತದೆ. ಈಚೆಗೆ ನಮ್ಮ ಭಾಗದಲ್ಲಿ ಎರಡು ದಿನದ ಒಂದು ಸಾಹಿತ್ಯ ಕಾರ್ಯಕ್ರಮ ನಡೆಯಿತು. ಬೇರೆ ಬೇರೆ ಜಿಲ್ಲೆಗಳಿಂದ 600ಕ್ಕೂ ಜಾಸ್ತಿ ಪ್ರತಿನಿಧಿಗಳು. ನಾನು ನೋಂದಣಿ ಕೌಂಟರಿನಲ್ಲಿ ಸ್ವಯಂಸೇವಕ. ಈ ಸಲ ಎಲ್ಲ ಆನ್‌ಲೈನ್, ಪುಸ್ತಕ ಪೆನ್ನು ಬೇಡವೇ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಮೊದಲ ದಿನ ಬೆಳಿಗ್ಗೆ ಏಳೂವರೆಗೆ ನಾನೇ ಎದುರಿನ ಅಂಗಡಿಗೆ ಓಡಿ ಹೋಗಿ ನಾಲ್ಕು ಪೆನ್ನು ತಂದೆ.

ಆಗಿದ್ದೇನೆಂದರೆ, ಸಾಗರದ ಕಡೆಯ ಒಂದೇ ಶಾಲೆಯ ಆರು ಜನ ಶಿಕ್ಷಕಿಯರು ಬಂದು ನಿಂತರು. ಹೆಗಲಲ್ಲಿ ಬ್ಯಾಗು, ಕಂಕುಳಲ್ಲಿ ಹೊದಿಕೆ. ನಮ್ಮ ಪಟ್ಟಿಯ ಪ್ರಕಾರ ಇಬ್ಬರಿಗೆ ಹಾಸ್ಟೆಲ್, ಮೂವರಿಗೆ ಊರಾಚೆಯ ಕಲ್ಯಾಣ ಮಂಟಪ, ಒಬ್ಬರಿಗೆ ಎಲ್ಲೂ ಇಲ್ಲ. ‘ಒಂದೇ ಬಸ್ಸಲ್ಲಿ ಬಂದಿದೀವಿ ಸಾರ್, ಒಂದೇ ಸ್ಕೂಲು. ನಿಮ್ ಕಂಪ್ಯೂಟರ್‌ಗೆ ಅಷ್ಟೂ ಗೊತ್ತಾಗ್ಲಿಲ್ವಾ?’ ಅಂತ ಹಿರಿಯ ಮೇಡಂ ಕೇಳಿದರು.

ಹೇಗೆ ಗೊತ್ತಾಗಬೇಕು? ಫಾರ್ಮಿನಲ್ಲಿ ಜಿಲ್ಲೆಯ ಹೆಸರು ಕೇಳಿ ಮುಂದೆ ಜಾಗ ಖಾಲಿ ಬಿಟ್ಟಿದ್ದೆವು. ಅದರ ಆಧಾರದ ಮೇಲೆ ಸಾಫ್ಟ್‌ವೇರ್ ಗುಂಪು ಮಾಡಿ, ಗುಂಪಿಗೊಂದು ವಸತಿ ಕೊಟ್ಟಿತ್ತು. ಒಬ್ಬರು ಶಿವಮೊಗ್ಗ ಅಂತ ಕನ್ನಡದಲ್ಲಿ ಬರೆದಿದ್ದರು, ಇನ್ನೊಬ್ಬರು ಇಂಗ್ಲಿಷಿನ ಹೊಸ ಕಾಗುಣಿತದಲ್ಲಿ, ಮತ್ತೊಬ್ಬರು ಇಂಗ್ಲಿಷಿನ ಹಳೆಯ ‘ಶಿಮೊಗಾ’. ನಾಲ್ಕನೆಯವರದು ‘ಶಿವಮೊಗ್ಗ ಜಿಲ್ಲೆ’, ಐದನೆಯವರದು ‘ಸಾಗರ’, ಆರನೆಯವರು ತಮ್ಮ ಹಳ್ಳಿಯ ಹೆಸರನ್ನೇ ಹಾಕಿದ್ದರು. ನೀವು ನಾವು ನೋಡಿದರೆ ಆರೂ ಒಂದೇ. ಸಾಫ್ಟ್‌ವೇರ್‌ಗೆ ಅಕ್ಷರ ಬೇರೆಯಾದರೆ ಜಿಲ್ಲೆಯೇ ಬೇರೆ. 2014ರ ನವೆಂಬರ್ 1ಕ್ಕೆ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಆದರೆ ನಮ್ಮ ಬೆರಳು ಈಗಲೂ ಹಳೆಯದನ್ನೇ ಒತ್ತುತ್ತದೆ. ಬೆಳಗಾವಿ, ಕಲಬುರಗಿಯವರ ಪಾಡೂ ಅದೇ ಆಗಿತ್ತು. ವಿಜಯಪುರದವರದು ಇನ್ನೂ ಮಜಾ. ಆ ಗುಂಪಿನಲ್ಲಿ ದೇವನಹಳ್ಳಿ ಹತ್ತಿರದ ವಿಜಯಪುರದವರೂ ಸೇರಿಕೊಂಡಿದ್ದರು.

ರಾಜ್ಯದಲ್ಲಿರುವುದು 31 ಜಿಲ್ಲೆ. ಪಟ್ಟಿ ಕೊಟ್ಟು ‘ಇದರಲ್ಲಿ ನಿಮ್ಮದು ಆರಿಸಿ’ ಅಂದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಪಟ್ಟಿ ಮಾಡುವಾಗ ಕಾಸರಗೋಡು, ಸೊಲ್ಲಾಪುರವನ್ನೂ ಸೇರಿಸಿ, ದಯವಿಟ್ಟು. ಅಲ್ಲಿಂದ ಅಷ್ಟು ದೂರ ಬರುವ ಕನ್ನಡಿಗರನ್ನು ‘ಇತರೆ’ ಅಂತ ತಳ್ಳುವುದು ಚೆನ್ನಾಗಿರಲ್ಲ.

ಎರಡನೇ ಯಡವಟ್ಟು ಮಾಡಿದವನು ನಾನೇ. ಎರಡೆರಡು ಸಲ ಬಂದಿರುವ ಸಾಲುಗಳನ್ನು ತೆಗೆದುಹಾಕುವ ಸೌಲಭ್ಯ ಗೂಗಲ್ ಶೀಟಿನಲ್ಲಿದೆ. ಹಿಂದಿನ ರಾತ್ರಿ ಹನ್ನೊಂದಕ್ಕೆ, ಫೋನ್ ನಂಬರ್ ಒಂದೇ ಇದ್ದರೆ ತೆಗೆ ಅಂತ ಒತ್ತಿ, ಪಟ್ಟಿ ಚೊಕ್ಕ ಆಯ್ತು ಅಂತ ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ 14 ಜನರ ತಂಡವೊಂದು ಬಂತು. ಅವರ ಹೆಡ್‌ಮಾಸ್ಟರು ಎಲ್ಲರನ್ನೂ ತಮ್ಮ ಒಂದೇ ನಂಬರಿನಿಂದ ನೋಂದಾಯಿಸಿದ್ದರು. ಪಟ್ಟಿಯಲ್ಲಿ ಹೆಡ್‌ಮಾಸ್ಟರು ಇದ್ದಾರೆ, ಉಳಿದ 13 ಜನ ಮಾಯ. ನಮ್ಮ ಕಡೆ ಮನೆಗೊಂದು ನಂಬರ್, ಶಾಲೆಗೊಂದು ನಂಬರ್ ಕೊಡುವುದು ಮಾಮೂಲಿ. ಫೋನ್ ನಂಬರ್ ನೋಡಿ ಆಳು ಗುರುತಿಸಲು ಹೋಗಬಾರದು. ನೋಂದಣಿ ಮಾಡಿದ ಕೂಡಲೇ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಸಿಗಬೇಕು. ಜೊತೆಗೆ ಬರುವವರಿಗೆಲ್ಲ ಒಂದು ತಂಡದ ಹೆಸರೂ ಇರಬೇಕು. ಹಾಗಿದ್ದಿದ್ದರೆ ಹೆಡ್‌ಮಾಸ್ಟರು ಮಾಡಿದ್ದೇ ಸರಿಯಾದ ದಾರಿ ಆಗುತ್ತಿತ್ತು.

ಕೌಂಟರುಗಳನ್ನು ಹೆಸರಿನ ಮೊದಲ ಅಕ್ಷರದ ಮೇಲೆ ಹಂಚಿದ್ದು ಇನ್ನೊಂದು ತಮಾಷೆ. ನಮ್ಮಲ್ಲಿ ಇನಿಷಿಯಲ್ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಕೆ. ಎಸ್. ಅಂತ ಶುರುವಾಗುವ ಮಂಜುನಾಥರು ‘ಎಂ’ ಕೌಂಟರಿನಲ್ಲಿ ಅರ್ಧ ಗಂಟೆ ನಿಂತು, ಹೆಸರಿಲ್ಲ ಅನ್ನಿಸಿಕೊಂಡು, ‘ಕೆ’ ಕೌಂಟರಿಗೆ ಹೋಗಿ ಮತ್ತೆ ಸಾಲಿನ ಕೊನೆಗೆ ನಿಂತರು. ಪಾಪ, ಬೈಯಲಿಲ್ಲ. ಒಂದು ಸಂಘದವರಂತೂ ತಮ್ಮ ಪಟ್ಟಿಯನ್ನು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದರು. ಅದನ್ನು ಈಗ ಎಲ್ಲ ಕಡೆ ಓದಬರುವ ಯೂನಿಕೋಡ್‌ಗೆ ಬದಲಾಯಿಸದೆ ಶೀಟಿಗೆ ಅಂಟಿಸಿದೆವು. 22 ಜನರ ಹೆಸರು ಯಾವುದೋ ಯುರೋಪಿನ ಭಾಷೆಯ ಹಾಗೆ ಕಾಣುತ್ತಿತ್ತು.

ಇದೆಲ್ಲ ಸರಿಮಾಡಬಹುದು. ನನಗೆ ನಿಜವಾಗಿ ಕಷ್ಟ ಅನ್ನಿಸಿದ್ದು ಬೇರೆ. ನಾವು ‘ಗುಂಪು’ ಅಂತ ಒಂದೇ ಕಾಲಂ ಇಟ್ಟಿದ್ದೆವು. ಆದರೆ ಮನುಷ್ಯ ಮಲಗುವುದು ಒಂದು ಗುಂಪಿನಲ್ಲಿ, ಊಟಕ್ಕೆ ಕೂರುವುದು ಇನ್ನೊಂದರಲ್ಲಿ, ಮಧ್ಯಾಹ್ನ ಗೋಷ್ಠಿಗೆ ಹೋಗುವುದು ಮತ್ತೊಂದರ ಜೊತೆ. 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಕನ್ನಡ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಬಾಡೂಟದ ಚರ್ಚೆ ಎಷ್ಟು ಕಾವೇರಿತ್ತು ನೆನಪಿದೆಯಲ್ಲ. ನಮ್ಮಲ್ಲಿ ಅಷ್ಟು ದೊಡ್ಡದೇನಿಲ್ಲ, ಸಕ್ಕರೆ ಕಾಯಿಲೆಯವರಿಗೆ ಅನ್ನದ ಬದಲು ಮುದ್ದೆ ಕೊಡೋಣ ಅಂತ ಅಡುಗೆಯವರು ಒಪ್ಪಿದ್ದರು. ಅಂಥವರನ್ನೆಲ್ಲ ಹುಡುಕಿ ‘ಡಿ’ ಗುಂಪಿಗೆ ಹಾಕಿದ್ದೇ ತಡ, ಅವರ ವಸತಿಯೂ ಬದಲಾಯಿತು. ಮುದ್ದೆ ಬೇಕು ಅಂದ ತಪ್ಪಿಗೆ ಹೆಂಡತಿ ಒಂದು ಕಡೆ, ಗಂಡ ಒಂದು ಕಡೆ! ವಸತಿಗೊಂದು ಕಾಲಂ, ಊಟಕ್ಕೊಂದು, ಗೋಷ್ಠಿಗೊಂದು, ಓಓಡಿ (ಅನ್ಯ ಕಾರ್ಯ ನಿಮಿತ್ತ) ಹಾಜರಾತಿ ಪತ್ರ ಬೇಕಾದ ಸರ್ಕಾರಿ ನೌಕರರಿಗೊಂದು ಅಂತ ಬೇರೆ ಬೇರೆ ಇಟ್ಟಿದ್ದರೆ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತಿರಲಿಲ್ಲ. ಫಾರ್ಮ್ ಬಿಡುಗಡೆ ಮಾಡಿ 600 ಜನ ತುಂಬಿದ ಮೇಲೆ ಇದು ಹೊಳೆದರೆ ಏನು ಬಂತು? ಯಾವ್ಯಾವ ಗುಂಪು ಬೇಕು ಅನ್ನುವುದನ್ನು ಮೊದಲು ಕೂತು ಬರೆದುಕೊಳ್ಳಬೇಕು, ಪ್ರಶ್ನೆ ಆಮೇಲೆ.

ಇನ್ನೂ ಒಂದು ಗೊತ್ತಿರಲಿ. ಹಾಸ್ಟೆಲಿನಲ್ಲಿ 80 ಜನಕ್ಕೆ ಜಾಗ ಇದ್ದರೆ, ಹಾಸ್ಟೆಲ್ ಅಂತ ಆರಿಸುವ 81ನೆಯವರನ್ನು ಗೂಗಲ್ ಫಾರ್ಮ್ ತಾನಾಗಿ ತಡೆಯುವುದಿಲ್ಲ. ಅದಕ್ಕೆ ಬೇರೆ ಆ್ಯಡ್-ಆನ್ (ಫಾರ್ಮಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಬೇಕು, ಇಲ್ಲವೇ ಯಾರಾದರೂ ದಿನಾ ಎಣಿಸುತ್ತಿರಬೇಕು. ನಾವು ಎರಡೂ ಮಾಡಲಿಲ್ಲ.

ಬೇಜಾರಾದ ಮಾತು ಒಂದಿದೆ. ವಸತಿ ಪಟ್ಟಿಯನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಹೆಂಗಸರ ಹೆಸರು, ಫೋನ್ ನಂಬರ್, ಯಾವ ಹಾಸ್ಟೆಲ್, ಯಾವ ಕೋಣೆ, ಎಲ್ಲ ಅದರಲ್ಲಿ. ರಾತ್ರಿ ಇಬ್ಬರಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅವರು ನನಗೆ ಹೇಳಿದಾಗ ಉತ್ತರ ಇರಲಿಲ್ಲ. ಫಾರ್ಮಿನಲ್ಲಿ ಆಧಾರ್ ಸಂಖ್ಯೆ ಬೇರೆ ಕೇಳಿದ್ದೆವು. ಹಾಸಿ ಮಲಗೋಕೆ ಒಂದು ಚಾಪೆ ಕೊಡಲು ಆಧಾರ್ ಯಾಕೆ? ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ತಗೊಳ್ಳಿ ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೇ ಹೇಳುತ್ತದೆ. ಒಬ್ಬೊಬ್ಬರಿಗೆ ಅವರವರ ಕೋಣೆಯನ್ನಷ್ಟೇ ಎಸ್ಎಂಎಸ್ ಕಳಿಸಿದ್ದರೆ ಸಾಕಿತ್ತು.

ಆ ಆರು ಜನ ಮೇಡಂಗಳಿಗೆ ಕೊನೆಗೆ ಪಕ್ಕದ ಶಾಲೆಯ ಸ್ಟಾಫ್ ರೂಮಿನ ಬೀಗ ತೆಗೆಸಿ ಕೊಟ್ಟೆವು. ಪಟ್ಟಿಯಲ್ಲಿ ಪೆನ್ನಿನಿಂದಲೇ ತಿದ್ದಿದೆ. ಹೊರಡುವ ದಿನ ಹಿರಿಯ ಮೇಡಂ ಸಿಕ್ಕರು. ಮುಂದಿನ ಸಲ ಫಾರ್ಮ್ ಬಿಡುವ ಮೊದಲು ನಿಮಗೇ ಕಳಿಸುತ್ತೇನೆ, ತುಂಬಿ ನೋಡಿ, ಎಲ್ಲಿ ತೊಡಕಾಗುತ್ತೆ ಹೇಳಿ ಅಂದೆ.

‘ಕಳ್ಸಿ ಸಾರ್. ಆದ್ರೆ ಕನ್ನಡದಲ್ಲಿ ಕಳ್ಸಿ’ ಅಂದರು.

ಹೌದು, ಇದನ್ನು ಹೇಳುವುದೇ ಮರೆತಿದ್ದೆ. ನಮ್ಮ ಫಾರ್ಮ್ ಪೂರ್ತಿ ಇಂಗ್ಲಿಷಿನಲ್ಲಿತ್ತು.

– ನೋಂದಣಿ ಕೌಂಟರಿನ ಒಬ್ಬ ಸ್ವಯಂಸೇವಕ